ಮೇಲೆ ಐಸ್ ಗಟ್ಟಿ, ಕೆಳಗೆ ಹಾಲು ಒಡೆಯುತ್ತೆ: ಬೆಚ್ಚಗಾದ ಫ್ರಿಡ್ಜ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ಫ್ರಿಡ್ಜ್‌ನಲ್ಲಿಟ್ಟ ಹಾಲು ಬೆಳಗ್ಗೆ ಕಾಯಿಸಿದರೆ ಒಡೆಯುತ್ತದೆ. ದೋಸೆ ಹಿಟ್ಟು ಮುಚ್ಚಳ ಎತ್ತಿ ಉಕ್ಕಿರುತ್ತದೆ. ಮೇಲಿನ ಬಾಗಿಲು ತೆಗೆದರೆ ಐಸ್ ಟ್ರೇ ಮಾತ್ರ ಏನೂ ಆಗಿಲ್ಲ ಎಂಬಂತೆ ಗಟ್ಟಿಯಾಗಿ ಕೂತಿದೆ. ಈ ಪುಟ ಇಂಥ ಫ್ರಿಡ್ಜ್ ಬಗ್ಗೆ. ಹೆಚ್ಚಿನ ಉತ್ತರಗಳು ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಡ್ಜ್‌ಗೆ ಸಂಬಂಧಪಟ್ಟವು. ಸಿಂಗಲ್ ಡೋರ್ ಇರುವವರಿಗೆ ಕೆಳಗೆ ಬೇರೆ ಪ್ರಶ್ನೆ ಇದೆ.

ಒಂದೇ ಫ್ರಿಡ್ಜ್‌ನಲ್ಲಿ ಮೇಲೆ ತಣ್ಣಗೆ, ಕೆಳಗೆ ಬೆಚ್ಚಗೆ. ಇದು ಹೇಗೆ ಸಾಧ್ಯ?

ಡಬಲ್ ಡೋರ್ ಫ್ರಿಡ್ಜ್‌ಗಳಲ್ಲಿ ಬಹುಪಾಲಿಗೆ ಕೂಲಿಂಗ್ ಕಾಯಿಲ್ ಇರುವುದು ಒಂದೇ. ಅದು ಫ್ರೀಜರ್‌ನ ಹಿಂಗೋಡೆಯ ಪ್ಲಾಸ್ಟಿಕ್ ಪ್ಯಾನೆಲ್ ಹಿಂದೆ ಇರುತ್ತದೆ. ಪಕ್ಕದಲ್ಲಿ ಒಂದು ಚಿಕ್ಕ ಫ್ಯಾನ್. ಫ್ಯಾನ್ ತಿರುಗಿದಾಗ ಕಾಯಿಲ್ ಮೇಲೆ ಹಾದು ತಣ್ಣಗಾದ ಗಾಳಿಯಲ್ಲಿ ದೊಡ್ಡ ಪಾಲು ಫ್ರೀಜರ್‌ಗೆ ಹೋಗುತ್ತದೆ. ಉಳಿದದ್ದು ಒಂದು ಕಿರಿದಾದ ದಾರಿಯಲ್ಲಿ ಕೆಳಗಿಳಿದು, ಹಿಂಗೋಡೆಯ ಕಿಂಡಿಗಳಿಂದ ಹೊರಗೆ ಬರುತ್ತದೆ. ಕೆಳಗಿನ ಭಾಗಕ್ಕೆ ತನ್ನದೇ ಆದ ತಂಪು ಅಂತ ಏನೂ ಇಲ್ಲ. ಮೇಲಿಂದ ಬಂದಷ್ಟೇ.

ಆ ಗಾಳಿ ದಾರಿಯಲ್ಲಿ ಎಲ್ಲೋ ನಿಂತರೆ ಕೆಳಗೆ ಮೊದಲು ಗೊತ್ತಾಗುತ್ತದೆ. ಕಾಯಿಲ್ ಪಕ್ಕದಲ್ಲೇ ಇರುವ ಫ್ರೀಜರ್ ಇನ್ನೂ ಕೆಲವು ದಿನ ಸರಿಯಾಗೇ ಇರುತ್ತದೆ. ಆದ್ದರಿಂದ ಈ ತೊಂದರೆಯಲ್ಲಿ ಮೊದಲು ಹುಡುಕಬೇಕಾದದ್ದು ಗಾಳಿ ಎಲ್ಲಿ ನಿಂತಿತು ಅನ್ನುವುದನ್ನು. ಕಂಪ್ರೆಸರ್, ಗ್ಯಾಸ್ ಇವೆಲ್ಲ ಆಮೇಲಿನ ಮಾತು.

ಫೋನಲ್ಲಿ ಹೇಳಿದ ಕೂಡಲೇ ಮೆಕ್ಯಾನಿಕ್ "ಗ್ಯಾಸ್ ಹೋಗಿದೆ" ಅಂದ್ರು. ನಂಬಬಹುದಾ?

ನೋಡದೆ ಹೇಳಿದ್ದನ್ನು ನಂಬಬೇಡಿ. ಐಸ್ ಕ್ರೀಂ ಇನ್ನೂ ಗಟ್ಟಿಯಾಗಿದ್ದರೆ ಗ್ಯಾಸ್ ಪೂರ್ತಿ ಹೋಗಿಲ್ಲ ಅಂತಲೇ ಲೆಕ್ಕ. ಸ್ವಲ್ಪ ಸೋರಿ ಕಡಿಮೆ ಆಗಿರಬಹುದು, ಆ ಸಾಧ್ಯತೆ ಇದೆ. ಅದನ್ನು ತಿಳಿಯಲು ಪ್ಯಾನೆಲ್ ಬಿಚ್ಚಿ ಕಾಯಿಲ್ ನೋಡಲೇಬೇಕು. ಅದರ ವಿವರ ಮುಂದೆ ಇದೆ. ಕಾಯಿಲ್ ನೋಡದೆ ಗ್ಯಾಸ್ ಚಾರ್ಜ್ ಮಾಡಿಸಿಕೊಂಡವರ ಫ್ರಿಡ್ಜ್ ಎಷ್ಟೋ ಸಲ ಒಂದು ವಾರ ಚೆನ್ನಾಗಿ ನಡೆಯುತ್ತದೆ, ಮತ್ತೆ ಕೆಡುತ್ತದೆ. ಆ ಒಂದು ವಾರ ನಡೆದದ್ದು ಹೊಸ ಗ್ಯಾಸ್‌ನಿಂದಲ್ಲ. ಕೆಲಸ ಮಾಡುವಾಗ ಫ್ರಿಡ್ಜ್ ಆಫ್ ಆಗಿ ಕಾಯಿಲ್ ಮೇಲೆ ಕಟ್ಟಿದ್ದ ಐಸ್ ಕರಗಿತ್ತು, ಅಷ್ಟೇ.

ನಿಜಕ್ಕೂ ಬೆಚ್ಚಗಿದೆಯಾ ಅಂತ ಅಳೆಯುವುದು ಹೇಗೆ?

ಒಂದು ಲೋಟ ನೀರನ್ನು ನಡುವಿನ ಶೆಲ್ಫ್‌ನಲ್ಲಿಡಿ. ಅದರೊಳಗೆ ಒಂದು ಫ್ರಿಡ್ಜ್ ಥರ್ಮಾಮೀಟರ್ ಬಿಟ್ಟು ರಾತ್ರಿಯೆಲ್ಲ ಹಾಗೇ ಇರಲಿ. ಬೆಳಗ್ಗೆ ಯಾರೂ ಬಾಗಿಲು ತೆಗೆಯುವ ಮೊದಲು ನೋಡಿ. 3ರಿಂದ 5 ಡಿಗ್ರಿ ಇದ್ದರೆ ಫ್ರಿಡ್ಜ್ ಸರಿಯಿದೆ. 8 ದಾಟಿದ್ದರೆ ತೊಂದರೆ ಇದೆ. ಫ್ರೀಜರ್ ಮೈನಸ್ 18ರ ಆಸುಪಾಸಿನಲ್ಲಿರಬೇಕು. ಐಸ್ ಆಗಲು 0 ಡಿಗ್ರಿಗಿಂತ ಸ್ವಲ್ಪ ಕೆಳಗಿದ್ದರೂ ಸಾಕು. ಹಾಗಾಗಿ "ಐಸ್ ಆಗುತ್ತಿದೆ" ಅಂದ ಮಾತ್ರಕ್ಕೆ ಫ್ರೀಜರ್ ಸರಿಯಿದೆ ಅಂತಲ್ಲ. ಮೈನಸ್ 6ರಲ್ಲಿ ಐಸ್ ಇರುತ್ತದೆ, ಐಸ್ ಕ್ರೀಂ ಮಾತ್ರ ಮೆತ್ತಗಾಗಿರುತ್ತದೆ.

ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ. ಅದರ ಅಳತೆ ಶುರುವಾಗುವುದೇ 32 ಡಿಗ್ರಿಯ ಆಸುಪಾಸಿನಿಂದ.

ಡಿಸ್‌ಪ್ಲೇನಲ್ಲಿ 3 ಡಿಗ್ರಿ ಅಂತ ತೋರಿಸುತ್ತಿದೆಯಲ್ಲ?

ಎಷ್ಟೋ ಮಾಡೆಲ್‌ಗಳಲ್ಲಿ ಅದು ನೀವು ಕೇಳಿದ ತಾಪಮಾನ, ಒಳಗಿರುವುದಲ್ಲ. ಲೋಟದ ನೀರನ್ನೇ ನಂಬಿ.

ಯಾರನ್ನೂ ಕರೆಯುವ ಮೊದಲು ಮನೆಯಲ್ಲೇ ಏನು ನೋಡಬಹುದು?

ಮೊದಲು ಕಿಂಡಿಗಳು. ಕೆಳಗಿನ ಭಾಗದ ಹಿಂಗೋಡೆಯಲ್ಲಿ, ಹೆಚ್ಚಾಗಿ ಮೇಲುಗಡೆ, ಗಾಳಿ ಬರುವ ಕಿಂಡಿ ಇರುತ್ತದೆ. ಅದಕ್ಕೆ ಒತ್ತಿ ಸೊಪ್ಪಿನ ಕವರ್, ಹೂವಿನ ಪೊಟ್ಟಣ, ಸಾರಿನ ದೊಡ್ಡ ಪಾತ್ರೆ ಇಟ್ಟಿದ್ದರೆ ಅಲ್ಲಿಗೇ ಗಾಳಿ ನಿಂತಿತು. ಹಬ್ಬದ ಮಾರನೇ ದಿನ ಫ್ರಿಡ್ಜ್ ಕೆಟ್ಟಿತು ಅನ್ನುವವರ ಮನೆಯಲ್ಲಿ ಕಾರಣ ಬಹಳ ಸಲ ಇದೇ. ಫ್ರೀಜರ್‌ನಲ್ಲೂ ಹಾಗೇ. ಹಿಂದಿನ ಪ್ಯಾನೆಲ್‌ಗೆ ತಾಗುವಂತೆ ಬಟಾಣಿ ಪ್ಯಾಕೆಟ್, ಕಾಯಿತುರಿ ಡಬ್ಬ ಒತ್ತಿಟ್ಟರೆ ಗಾಳಿ ಓಡಾಡಲು ಜಾಗವಿಲ್ಲ. ಶೆಲ್ಫ್ ಮೇಲೆ ಪೂರ್ತಿ ಪ್ಲಾಸ್ಟಿಕ್ ಶೀಟ್ ಹಾಸಿದ್ದರೆ ತೆಗೆದುಬಿಡಿ. ಒರೆಸಲು ಸುಲಭ ಅಂತ ಹಾಸುತ್ತಾರೆ, ಕೆಳಗಿನ ಶೆಲ್ಫ್‌ಗಳಿಗೆ ತಂಪು ಇಳಿಯುವುದಿಲ್ಲ.

ಆಮೇಲೆ ಬಾಗಿಲಿನ ರಬ್ಬರ್. ಒಂದು ನೋಟನ್ನು ಬಾಗಿಲಿನ ನಡುವೆ ಇಟ್ಟು ಮುಚ್ಚಿ, ಎಳೆಯಿರಿ. ಸ್ವಲ್ಪವಾದರೂ ಹಿಡಿದುಕೊಳ್ಳಬೇಕು. ಸಲೀಸಾಗಿ ಬಂದರೆ ಆ ಜಾಗದಲ್ಲಿ ಸಂದಿ ಇದೆ. ನಾಲ್ಕೂ ಕಡೆ ಹೀಗೆ ನೋಡಿ. ಬಾಗಿಲಿನ ಕೆಳಮೂಲೆ ಬಿಡಬೇಡಿ, ಅಲ್ಲೇ ಜಾಸ್ತಿ ಕೊಳೆ ಕೂರುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಒರೆಸಿದರೆ ಅರ್ಧ ರಬ್ಬರ್‌ಗಳು ಸರಿಹೋಗುತ್ತವೆ. ಸೊಟ್ಟಗಾಗಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು, ಬಾಗಿಲು ಮುಚ್ಚಿಡಿ. ಹರಿದಿದ್ದರೆ ಹೊಸದೇ ಬೇಕು.

ಮೂರನೆಯದು ನಾಬ್. ಅದಕ್ಕೆ ಪ್ರತ್ಯೇಕ ಉತ್ತರ ಬೇಕು.

ಕೆಳಗೆ ತಣ್ಣಗಾಗುತ್ತಿಲ್ಲ ಅಂತ ಫ್ರೀಜರ್ ನಾಬ್ ಪೂರ್ತಿ ಮ್ಯಾಕ್ಸ್‌ಗೆ ಇಟ್ಟೆ. ಇನ್ನೂ ಜಾಸ್ತಿ ಬೆಚ್ಚಗಾಯಿತು. ಯಾಕೆ?

ಎರಡು ನಾಬ್ ಇರುವ ತುಂಬಾ ಮಾಡೆಲ್‌ಗಳಲ್ಲಿ ಫ್ರೀಜರ್ ಒಳಗಿನ ನಾಬ್ ಕಂಪ್ರೆಸರ್‌ಗೆ ಸಂಬಂಧಪಟ್ಟದ್ದೇ ಅಲ್ಲ. ಕೆಳಗೆ ಇಳಿಯುವ ಗಾಳಿಯ ದಾರಿಗೆ ಅದೊಂದು ಕದ. ಮ್ಯಾಕ್ಸ್‌ಗೆ ಇಟ್ಟರೆ ಕದ ಮುಚ್ಚಿಕೊಳ್ಳುತ್ತದೆ, ಗಾಳಿ ಫ್ರೀಜರ್‌ನಲ್ಲೇ ಉಳಿಯುತ್ತದೆ, ಕೆಳಗೆ ಬರುವುದು ಕಡಿಮೆಯಾಗುತ್ತದೆ. ನೀವು ಸರಿಮಾಡಲು ಹೋಗಿ ತಿರುಗಿಸಿದ್ದು ಉಲ್ಟಾ ಕಡೆಗೆ. ಫ್ರೀಜರ್ ನಾಬ್ ನಡುವೆ ಅಥವಾ ಇನ್ನೂ ಸ್ವಲ್ಪ ಕಡಿಮೆಗೆ ಇಡಿ. ಕೆಳಗಿನ ನಾಬ್ ನಡುವಿಗಿಂತ ಸ್ವಲ್ಪ ಜಾಸ್ತಿಗಿಡಿ. ಒಂದು ದಿನ ಬಿಟ್ಟು ಲೋಟದ ನೀರು ನೋಡಿ. ಮಾಡೆಲ್‌ನಿಂದ ಮಾಡೆಲ್‌ಗೆ ಇದು ಅದಲು ಬದಲಾಗುತ್ತದೆ, ಹಾಗಾಗಿ ಫ್ರಿಡ್ಜ್ ಜೊತೆ ಬಂದ ಪುಸ್ತಕ ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಬೇಸಿಗೆಯಲ್ಲಿ ಬೇಗ ಐಸ್ ಬೇಕು ಅಂತ ಮನೆ ಮಕ್ಕಳು ಆ ನಾಬ್ ತಿರುಗಿಸಿ ಬಿಟ್ಟಿರುವುದೂ ಉಂಟು. ದುಡ್ಡು ಖರ್ಚಿಲ್ಲದೆ ಸರಿಹೋಗುವ ತೊಂದರೆಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಒಳಗಿನ ಫ್ಯಾನ್ ತಿರುಗುತ್ತಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ಬಾಗಿಲು ತೆಗೆದ ಕೂಡಲೇ ಫ್ಯಾನ್ ನಿಲ್ಲುವಂತೆ ಬಹಳ ಫ್ರಿಡ್ಜ್‌ಗಳಲ್ಲಿ ವ್ಯವಸ್ಥೆ ಇರುತ್ತದೆ. ಅದಕ್ಕೇ ಸುಮ್ನೆ ಬಾಗಿಲು ತೆಗೆದು ಕಿವಿಗೊಟ್ಟರೆ ಏನೂ ಕೇಳಿಸುವುದಿಲ್ಲ. ಬಾಗಿಲಿನ ಚೌಕಟ್ಟಿನಲ್ಲಿರುವ ಚಿಕ್ಕ ಸ್ವಿಚ್ ಅನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಲೈಟ್ ಆರಬೇಕು, ಸ್ವಲ್ಪ ಹೊತ್ತಿಗೆ ಫ್ರೀಜರ್ ಹಿಂದಿನಿಂದ ಮೆಲ್ಲಗೆ ಗಾಳಿಯ ಸದ್ದು ಬರಬೇಕು. ಇನ್ನೊಂದು ಕೈಯಲ್ಲಿ ಟಿಶ್ಯೂ ಕಾಗದದ ತುಂಡನ್ನು ಕಿಂಡಿಯ ಮುಂದೆ ಹಿಡಿಯಿರಿ. ಅಲುಗಿದರೆ ಗಾಳಿ ಇದೆ. ಇದನ್ನು ಕಂಪ್ರೆಸರ್ ಓಡುತ್ತಿರುವಾಗ ಮಾಡಬೇಕು. ಅದು ನಿಂತಿದ್ದಾಗ ಫ್ಯಾನೂ ನಿಂತಿರುವುದು ಸಹಜ. ಹೊಸ ಮಾಡೆಲ್‌ಗಳಲ್ಲಿ ಒತ್ತುವ ಸ್ವಿಚ್ ಬದಲು ಮ್ಯಾಗ್ನೆಟ್ ಇರುವುದರಿಂದ ಈ ಪರೀಕ್ಷೆ ನಡೆಯುವುದಿಲ್ಲ.

ಆಗ ಮೊಬೈಲ್ ಉಪಯೋಗಕ್ಕೆ ಬರುತ್ತದೆ. ವಿಡಿಯೋ ರೆಕಾರ್ಡಿಂಗ್ ಆನ್ ಮಾಡಿ, ಕೆಳಗಿನ ಭಾಗದ ಶೆಲ್ಫ್ ಮೇಲೆ ಕಿಂಡಿಯ ಕಡೆ ಮುಖ ಮಾಡಿ ನಿಲ್ಲಿಸಿ, ಬಾಗಿಲು ಮುಚ್ಚಿ. ಎರಡು ನಿಮಿಷ ಬಿಟ್ಟು ತೆಗೆದು ನೋಡಿ. ಸದ್ದೂ ಕೇಳುತ್ತದೆ, ಬಾಗಿಲು ಮುಚ್ಚಿದ ಮೇಲೆ ಲೈಟ್ ಆರಿತಾ ಅನ್ನುವುದೂ ಕಾಣುತ್ತದೆ. ಲೈಟ್ ಆರದಿದ್ದರೆ ಸ್ವಿಚ್ ಸಿಕ್ಕಿಹಾಕಿಕೊಂಡಿದೆ. ಬಾಗಿಲು ಇನ್ನೂ ತೆರೆದೇ ಇದೆ ಅಂದುಕೊಂಡು ಫ್ರಿಡ್ಜ್ ಫ್ಯಾನ್ ಓಡಿಸುತ್ತಿಲ್ಲ. ಹಳೇ ಫಿಲಮೆಂಟ್ ಬಲ್ಬ್ ಆಗಿದ್ದರೆ ಅದರ ಬಿಸಿ ಬೇರೆ. ನೂರಿನ್ನೂರು ರೂಪಾಯಿ ಸ್ವಿಚ್‌ನಿಂದ ಇಡೀ ಫ್ರಿಡ್ಜ್ ಕೆಟ್ಟಂತೆ ಕಾಣುವ ಪ್ರಸಂಗ ಇದು.

ಸ್ವಿಚ್ ಸರಿಯಿದ್ದೂ ಫ್ಯಾನ್ ತಿರುಗದಿದ್ದರೆ ಫ್ಯಾನ್ ಮೋಟಾರ್ ಹೋಗಿದೆ, ಇಲ್ಲವೇ ರೆಕ್ಕೆಗೆ ಐಸ್ ಕಚ್ಚಿದೆ. "ಟರ್ರ್" ಅಂತ ಕೆರೆಯುವ ಸದ್ದು ಕೆಲವು ದಿನ ಬಂದು ಆಮೇಲೆ ನಿಂತಿದ್ದರೆ ಐಸ್ ಅಂತಲೇ ಹೇಳಬಹುದು.

ಫ್ರಾಸ್ಟ್ ಫ್ರೀ ಅಂತ ಕೊಟ್ಟಿದ್ದಾರೆ. ಅದರಲ್ಲಿ ಐಸ್ ಹೇಗೆ ಕಟ್ಟುತ್ತದೆ?

ಐಸ್ ಕಟ್ಟದೇ ಇರುವುದಿಲ್ಲ. ನಿಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ ಕಟ್ಟುತ್ತದೆ, ನಿಮಗೆ ಗೊತ್ತಾಗದಂತೆ ಕರಗುತ್ತದೆ. ಗಾಳಿಯಲ್ಲಿರುವ ತೇವವೆಲ್ಲ ಕಾಯಿಲ್ ಮೇಲೆ ಬಿಳಿಯಾಗಿ ಕೂರುತ್ತದೆ. ಕಂಪ್ರೆಸರ್ ಸಾಮಾನ್ಯವಾಗಿ 6ರಿಂದ 12 ಗಂಟೆ ಓಡಿದ ಮೇಲೆ ಟೈಮರ್ ಅದನ್ನು ನಿಲ್ಲಿಸಿ, ಕಾಯಿಲ್ ಕೆಳಗಿನ ಹೀಟರ್ ಆನ್ ಮಾಡುತ್ತದೆ. ಐಸ್ ಕರಗಿ ನೀರು ಕೊಳವೆಯಲ್ಲಿ ಇಳಿದು, ಹಿಂಬದಿ ಕಂಪ್ರೆಸರ್ ಮೇಲಿನ ತಟ್ಟೆಗೆ ಬೀಳುತ್ತದೆ, ಅಲ್ಲೇ ಆವಿಯಾಗುತ್ತದೆ. ಕಾಯಿಲ್ ಬೆಚ್ಚಗಾದದ್ದು ಬಿಸಿಗೆ ಬಿಟ್ಟುಕೊಳ್ಳುವ ಚಿಕ್ಕ ಸ್ವಿಚ್ ಆದ ಬೈಮೆಟಲ್‌ಗೆ ಗೊತ್ತಾಗಿ ಅದು ಹೀಟರ್ ನಿಲ್ಲಿಸುತ್ತದೆ. ಅದೂ ಕೈಕೊಟ್ಟರೆ ಇರಲಿ ಅಂತ ಅತಿ ಬಿಸಿಯಾದರೆ ಕರೆಂಟ್ ಕಡಿಯುವ ಒಂದು ಥರ್ಮಲ್ ಫ್ಯೂಸ್. ಹೊಸ ಫ್ರಿಡ್ಜ್‌ಗಳಲ್ಲಿ ಟೈಮರ್ ಬದಲು ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡ್), ಬೈಮೆಟಲ್ ಬದಲು ಸೆನ್ಸರ್.

ಇವುಗಳಲ್ಲಿ ಯಾವ ಒಂದು ಕೆಟ್ಟರೂ ಐಸ್ ಕರಗುವುದಿಲ್ಲ. ದಿನದಿಂದ ದಿನಕ್ಕೆ ದಪ್ಪವಾಗುತ್ತದೆ. ಕೊನೆಗೆ ಕಾಯಿಲ್‌ನ ಅಲ್ಯೂಮಿನಿಯಂ ಎಲೆಗಳ ನಡುವಿನ ಸಂದಿ ಮುಚ್ಚಿಹೋಗಿ, ಫ್ಯಾನ್ ತಿರುಗಿದರೂ ಗಾಳಿ ಹಾಯುವುದಿಲ್ಲ. ಈ ಪುಟದ ಶೀರ್ಷಿಕೆಯಲ್ಲಿರುವ ತೊಂದರೆಗೆ ಅತಿ ಸಾಮಾನ್ಯ ಕಾರಣ ಇದೇ.

ಹೊರಗಿಂದ ಗುರುತು ಹಿಡಿಯಬೇಕೆಂದರೆ ಫ್ರೀಜರ್ ಖಾಲಿ ಮಾಡಿ ಹಿಂದಿನ ಪ್ಯಾನೆಲ್ ನೋಡಿ. ಅದರ ಮೇಲೆ ಹಿಮ ಹಬ್ಬಿದ್ದರೆ, ಕಿಂಡಿಗಳಿಂದ ಐಸ್ ಇಣುಕುತ್ತಿದ್ದರೆ, ಪ್ಯಾನೆಲ್ ಉಬ್ಬಿದಂತೆ ಇದ್ದರೆ ಹಿಂದೆ ಐಸ್ ತುಂಬಿದೆ.

ಆ ಐಸ್ ಅನ್ನು ನಾನೇ ತೆಗೆಯಬಹುದಾ?

ಕರಗಿಸಬಹುದು. ಕೀಳಬಾರದು. ಪ್ಲಗ್ ಕಿತ್ತು, ಎಲ್ಲಾ ಸಾಮಾನು ಹೊರತೆಗೆದು, ಎರಡೂ ಬಾಗಿಲು ತೆರೆದಿಟ್ಟುಬಿಡಿ. ಮುಂದೆ ಟೇಬಲ್ ಫ್ಯಾನ್ ಇಟ್ಟರೆ ಬೇಗ ಆಗುತ್ತದೆ. ಫ್ರೀಜರ್ ತಳದಲ್ಲಿ, ನೆಲದಲ್ಲಿ ಹಳೇ ಟವೆಲ್ ಹಾಸಿ. ಹಿಂಬದಿಯ ನೀರಿನ ತಟ್ಟೆ ತುಂಬಿ ಹರಿಯಬಹುದು, ಆಗಾಗ ನೋಡಿ. ಮೂರು ನಾಲ್ಕು ಗಂಟೆಗೆ ಮುಂದಿನ ಐಸ್ ಹೋಗುತ್ತದೆ, ಒಳಗಿನದು ಹೋಗಿರುವುದಿಲ್ಲ. ಪೂರ್ತಿ ಕರಗಲು ಒಂದು ರಾತ್ರಿ ಬೇಕು, ದಪ್ಪ ಇದ್ದರೆ 24 ಗಂಟೆ.

ಚಾಕು, ಸ್ಕ್ರೂಡ್ರೈವರ್, ಸಟ್ಟುಗ ಯಾವುದೂ ಹತ್ತಿರ ಬೇಡ. ಕಾಯಿಲ್ ತೂತಾದರೆ ಆವಾಗ ನಿಜವಾಗಲೂ ಗ್ಯಾಸ್ ಹೋಗುತ್ತದೆ. ಕುದಿಯುವ ನೀರು ಸುರಿಯಬೇಡಿ, ಪ್ಲಾಸ್ಟಿಕ್ ಬಿರಿಯುತ್ತದೆ. ನೀರು ಹರಿಯುವ ಜಾಗದಲ್ಲಿ ಹೇರ್ ಡ್ರೈಯರ್ ಹಿಡಿದು ಕೂರುವುದೂ ಅಪಾಯ. ಐಸ್ ಕರಗುವ ಮೊದಲು ಪ್ಯಾನೆಲ್ ಎಳೆಯಲು ಹೋಗಬೇಡಿ. ಅದು ಕಾಯಿಲ್‌ಗೆ ಕಚ್ಚಿಕೊಂಡಿರುತ್ತದೆ, ಹಿಂದಿನ ಥರ್ಮಾಕೋಲ್ ಸಮೇತ ಮುರಿಯುತ್ತದೆ.

ಹಾಗೆ ಮಾಡಿದ ಮೇಲೆ ಚೆನ್ನಾಗಿ ನಡೆಯಿತು. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಈಗೇನು?

ಇದು ಕೆಟ್ಟ ಸುದ್ದಿಯಲ್ಲ, ಒಳ್ಳೆಯ ಸುಳಿವು. ಗ್ಯಾಸ್, ಕಂಪ್ರೆಸರ್, ಫ್ಯಾನ್ ಮೂರೂ ಸರಿಯಿವೆ, ಕರಗಿಸುವ ವ್ಯವಸ್ಥೆ ಮಾತ್ರ ಕೆಟ್ಟಿದೆ ಅಂತ ಫ್ರಿಡ್ಜೇ ಹೇಳಿದಂತಾಯಿತು. ಇದನ್ನೇ ಮೆಕ್ಯಾನಿಕ್‌ಗೂ ಹೇಳಿ: "ಪೂರ್ತಿ ಡಿಫ್ರಾಸ್ಟ್ ಮಾಡಿದ್ರೆ ಕೆಲವು ದಿನ ಚೆನ್ನಾಗಿರುತ್ತೆ, ಆಮೇಲೆ ಕೆಳಗೆ ಬೆಚ್ಚಗಾಗುತ್ತೆ, ಹೀಟರ್ ಲೈನ್ ಚೆಕ್ ಮಾಡಿ." ಈ ಒಂದು ಮಾತಿಗೆ ಅರ್ಧ ಕೆಲಸ ಮುಗಿಯುತ್ತದೆ. ಗ್ಯಾಸ್ ಮಾತು ಸಾಮಾನ್ಯವಾಗಿ ಬರುವುದಿಲ್ಲ.

ಅವರು ನೋಡುವುದು ಹೀಗೆ. ಹಳೇ ಟೈಮರ್ ಇರುವ ಫ್ರಿಡ್ಜ್‌ನಲ್ಲಿ ಟೈಮರ್‌ನ ತುದಿಯನ್ನು ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ತಿರುಗಿಸುತ್ತಾರೆ. "ಟಕ್" ಅಂದಾಗ ಕಂಪ್ರೆಸರ್ ನಿಂತು ಹೀಟರ್ ಶುರುವಾಗಬೇಕು. ಸ್ವಲ್ಪ ಹೊತ್ತಿಗೆ ಕಾಯಿಲ್‌ನ ಹನಿ ಹೀಟರ್ ಮೇಲೆ ಬಿದ್ದು ಚುರ್ ಚುರ್ ಅನ್ನುವುದು ಕೇಳುತ್ತದೆ. ಕೇಳಿದರೆ ಹೀಟರ್ ಸರಿ, ತಾನಾಗಿ ತಿರುಗದ ಟೈಮರ್ ಮೇಲೆ ಅನುಮಾನ. ಕೇಳದಿದ್ದರೆ ಹೀಟರ್, ಬೈಮೆಟಲ್, ಫ್ಯೂಸ್ ಮೂರರಲ್ಲಿ ಒಂದು. ಹೀಟರ್ ಅನ್ನು ಮಲ್ಟಿಮೀಟರ್‌ನಲ್ಲಿ ಅಳೆಯುತ್ತಾರೆ. 150 ವ್ಯಾಟ್‌ನದ್ದಾದರೆ ಸುಮಾರು 350 ಓಮ್ ಬರಬೇಕು. ಏನೂ ಬರದಿದ್ದರೆ ಒಳಗಿನ ತಂತಿ ಕಡಿದಿದೆ.

ಟೈಮರ್, ಬೈಮೆಟಲ್, ಫ್ಯೂಸ್ ಇವೆಲ್ಲ ನೂರರ ಲೆಕ್ಕದ ಸಾಮಾನುಗಳು. ಪಿಸಿಬಿ ಸಾವಿರದ ಲೆಕ್ಕ. ಅದಕ್ಕೇ ಪಿಸಿಬಿ ಬದಲಿಸುವ ಮೊದಲು ಸೆನ್ಸರ್, ಹೀಟರ್ ಎರಡನ್ನೂ ಅಳೆದಿರಾ ಅಂತ ಕೇಳಿ.

ಬೈಮೆಟಲ್ ಮೀಟರ್‌ನಲ್ಲಿ ಓಪನ್ (ಸಂಪರ್ಕ ಇಲ್ಲ) ತೋರಿಸಿತು, ಕೆಟ್ಟಿದೆ ಅಂದ್ರು. ಸರಿನಾ?

ಬಿಚ್ಚಿ ಕೈಯಲ್ಲಿ ಹಿಡಿದು ಅಳೆದಿದ್ದರೆ ಸರಿಯಲ್ಲ. ಬೈಮೆಟಲ್ ಇರುವುದೇ ಚಳಿಯಲ್ಲಿ ಕೂಡಿಕೊಂಡು, ಬಿಸಿಯಲ್ಲಿ ಬಿಟ್ಟುಕೊಳ್ಳಲು. ಬೆಂಗಳೂರಿನ 27 ಡಿಗ್ರಿಯಲ್ಲಿ ಹೊಸ ಬೈಮೆಟಲ್ ಕೂಡ ಓಪನ್ ಅಂತಲೇ ತೋರಿಸುತ್ತದೆ. ಒಂದು ಲೋಟದಲ್ಲಿ ಪುಡಿ ಮಾಡಿದ ಐಸ್, ಎರಡು ಮೂರು ಚಮಚ ಕಲ್ಲುಪ್ಪು ಹಾಕಿ ಕಲಸಿ. ಬೈಮೆಟಲ್ ಅನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರಲ್ಲಿ ಹುದುಗಿಸಿ, ವೈರ್ ತುದಿ ಹೊರಗಿರಲಿ. ಹತ್ತು ನಿಮಿಷ ಬಿಟ್ಟು ಅಳೆದಾಗಲೂ ಓಪನ್ ಇದ್ದರೆ ಆಗ ಕೆಟ್ಟಿದೆ ಅನ್ನಿ. ಉಪ್ಪಿಲ್ಲದ ಬರೀ ಐಸ್ ಸಾಲದು, ಅದು 0 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ.

ಪಾರ್ಟ್ ಸಿಗಲ್ಲ, ಫ್ಯೂಸ್ ಡೈರೆಕ್ಟ್ ಮಾಡಿಬಿಡ್ತೀನಿ ಅಂತಾರೆ. ಮಾಡಿಸಲಾ?

ಬೇಡ. ಡೈರೆಕ್ಟ್ ಅಂದರೆ ಫ್ಯೂಸ್ ಬಿಟ್ಟು ವೈರ್ ನೇರ ಜೋಡಿಸುವುದು. ಫ್ಯೂಸ್ ಇಲ್ಲದೆ ಹೀಟರ್ ನಿಲ್ಲದೇ ಹೋದರೆ ಸುತ್ತಲಿನ ಪ್ಲಾಸ್ಟಿಕ್, ಥರ್ಮಾಕೋಲ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. ಎರಡು ದಿನ ಕಾದರೂ ಪರವಾಗಿಲ್ಲ, ಫ್ಯೂಸ್ ಹಾಕಿಸಿ. ಹೀಟರ್ ಕೂಡ ಅದೇ ಮಾಡೆಲ್‌ಗೆ ಹೇಳಿದ್ದೇ ಇರಲಿ. ಹೊತ್ತಿಕೊಳ್ಳುವ ಆರ್600ಎ ಗ್ಯಾಸ್ ಇರುವ ಫ್ರಿಡ್ಜ್‌ಗಳಲ್ಲಿ ಇದು ಇನ್ನೂ ಮುಖ್ಯ.

ತರಕಾರಿ ಟ್ರೇ ಕೆಳಗೆ ನೀರು ನಿಲ್ಲುತ್ತದೆ. ಇದಕ್ಕೂ ಕೆಳಗೆ ಬೆಚ್ಚಗಾಗುವುದಕ್ಕೂ ಸಂಬಂಧ ಇದೆಯಾ?

ಇರಬಹುದು. ಕರಗಿದ ನೀರು ಇಳಿಯುವ ಕೊಳವೆ ಕಟ್ಟಿಕೊಂಡಿದೆ. ನೀರು ಫ್ರೀಜರ್ ತಳದಲ್ಲೇ ನಿಂತು ಹಾಳೆಯಂತೆ ಐಸ್ ಆಗುತ್ತದೆ, ಜಾಸ್ತಿಯಾದದ್ದು ಕೆಳಗೆ ಸೋರುತ್ತದೆ. ಆ ಐಸ್ ಬೆಳೆದು ಗಾಳಿಯ ದಾರಿ ಮುಚ್ಚಿದರೆ ಕೆಳಗೆ ಬೆಚ್ಚಗಾಗುತ್ತದೆ. ಪೂರ್ತಿ ಕರಗಿಸಿದ ಮೇಲೆ ತೂತಿಗೆ ಉಗುರುಬೆಚ್ಚಗಿನ ನೀರನ್ನು ಸೂಜಿ ಇಲ್ಲದ ಸಿರಿಂಜ್‌ನಿಂದ ಬಿಡಿ. ಹಿಂಬದಿ ತಟ್ಟೆಗೆ ನೀರು ಬೀಳುವುದು ಕೇಳಿಸಬೇಕು.

ನಿಜವಾಗಿ ಗ್ಯಾಸ್ ಕಡಿಮೆಯಾಗಿದ್ದರೆ ಹೇಗೆ ಗೊತ್ತಾಗುತ್ತದೆ?

ಕಾಯಿಲ್ ಮೇಲಿನ ಹಿಮ ನೋಡಿದರೆ ತಿಳಿಯುತ್ತದೆ. ಪೂರ್ತಿ ಕರಗಿಸಿ, ಪ್ಯಾನೆಲ್ ಮತ್ತೆ ಕೂರಿಸಿ, ಕೆಲವು ಗಂಟೆ ಓಡಿಸಿ, ಆಮೇಲೆ ಪ್ಯಾನೆಲ್ ತೆಗೆದು ನೋಡಬೇಕು. ಇಡೀ ಕಾಯಿಲ್ ಮೇಲಿಂದ ಕೆಳಗಿನ ತನಕ ತೆಳ್ಳಗೆ, ಒಂದೇ ಸಮನೆ ಬಿಳಿಯಾಗಿದ್ದರೆ ಗ್ಯಾಸ್ ಸರಿಯಿದೆ. ಗ್ಯಾಸ್ ಒಳಬರುವ ತುದಿಯ ಒಂದೆರಡು ಸಾಲು ಮಾತ್ರ ಬಿಳಿಯಾಗಿ, ಉಳಿದದ್ದು ಬರಿದಾಗಿದ್ದರೆ ಗ್ಯಾಸ್ ಕಡಿಮೆಯಿದೆ, ಅಥವಾ ಕ್ಯಾಪಿಲರಿ (ಗ್ಯಾಸ್ ಹಾಯುವ ಸಣ್ಣ ಕೊಳವೆ) ಕಟ್ಟಿಕೊಂಡಿದೆ. ಎಲ್ಲೂ ಬಿಳಿ ಇಲ್ಲದಿದ್ದರೆ ಕಂಪ್ರೆಸರ್ ಒತ್ತುತ್ತಿಲ್ಲ, ಇಲ್ಲವೇ ಗ್ಯಾಸ್ ಪೂರ್ತಿ ಹೋಗಿದೆ. ಆದರೆ ಆಗ ಫ್ರೀಜರ್ ಕೂಡ ಬೆಚ್ಚಗಿರುತ್ತದೆ. ಕಾಯಿಲ್ ನೋಡುವಾಗ ನೀವು ಪಕ್ಕದಲ್ಲಿ ನಿಂತಿರಿ, ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಗ್ಯಾಸ್ ಎಣ್ಣೆಯ ಹಾಗೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ಬರೀ ತುಂಬಿಸಿಕೊಟ್ಟರೆ ಕೆಲವೇ ತಿಂಗಳಿಗೆ ಮತ್ತೆ ಅದೇ. ಈಗಿನ ಮನೆ ಫ್ರಿಡ್ಜ್‌ಗಳಲ್ಲಿ ಹೆಚ್ಚಾಗಿ ಇರುವುದು ಆರ್600ಎ, ಅಂದರೆ ಐಸೊಬ್ಯುಟೇನ್. ಇದು ಹೊತ್ತಿಕೊಳ್ಳುವ ಗ್ಯಾಸ್. ತುಂಬಿಸುವುದು ಕೆಲವು ಹತ್ತು ಗ್ರಾಂ ಮಾತ್ರ, ಅದನ್ನು ತೂಕ ನೋಡಿಯೇ ತುಂಬಿಸಬೇಕು. ಎಷ್ಟು ಗ್ರಾಂ ಅನ್ನುವುದು ಫ್ರಿಡ್ಜ್‌ನ ಸ್ಟಿಕರ್ ಮೇಲೆ ಬರೆದಿರುತ್ತದೆ. ಕೆಲಸ ನಡೆಯುವಾಗ ಕಿಟಕಿ ತೆಗೆದಿಡಿ, ಒಲೆ ಆರಿಸಿ, ದೇವರ ದೀಪವನ್ನೂ.

ನಮ್ಮದು ಸಿಂಗಲ್ ಡೋರ್. ಮೇಲೆ ಐಸ್ ಗುಡ್ಡೆ, ಕೆಳಗೆ ಬೆಚ್ಚಗೆ.

ನಿಮ್ಮದರಲ್ಲಿ ಫ್ಯಾನ್, ಹೀಟರ್, ಟೈಮರ್ ಯಾವುದೂ ಇಲ್ಲ. ಫ್ರೀಜರ್ ಪೆಟ್ಟಿಗೆಯೇ ಕಾಯಿಲ್. ತಣ್ಣನೆ ಗಾಳಿ ಭಾರವಾಗಿ ತಾನಾಗಿ ಕೆಳಗಿಳಿಯುತ್ತದೆ. ಐಸ್ ದಪ್ಪವಾದಷ್ಟೂ ಅದು ಹೊದಿಕೆಯಂತಾಗಿ ತಂಪು ಹೊರಬರುವುದಿಲ್ಲ. ಅರ್ಧ ಸೆಂಟಿಮೀಟರ್ ದಾಟುವ ಮೊದಲೇ ಥರ್ಮೋಸ್ಟಾಟ್ ನಾಬ್ ನಡುವಿನ ಡಿಫ್ರಾಸ್ಟ್ ಗುಂಡಿ ಒತ್ತಿ. ರಾತ್ರಿ ಒತ್ತಿ ಮಲಗಿದರೆ ಬೆಳಗ್ಗೆ ಹೊತ್ತಿಗೆ ಕರಗಿರುತ್ತದೆ, ಫ್ರಿಡ್ಜ್ ತಾನೇ ಮತ್ತೆ ಶುರುವಾಗುತ್ತದೆ. ಗುಂಡಿ ಒತ್ತಿದರೂ ಕರಗದಿದ್ದರೆ ಪ್ಲಗ್ ಕಿತ್ತಿಡಿ. ಫ್ರೀಜರ್ ಕೆಳಗಿನ ಚಿಲ್ಲರ್ ಟ್ರೇನಲ್ಲಿ ಸಾಮಾನು ತುರುಕಿದ್ದರೆ ಅದನ್ನೂ ಖಾಲಿ ಮಾಡಿ, ತಂಪು ಇಳಿಯುವುದೇ ಅದನ್ನು ದಾಟಿ.

ಫ್ರೀಜರ್ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಮಾತ್ರ ಐಸ್ ಆಗಿ ಉಳಿದ ಕಡೆ ಒಣಗಿದ್ದರೆ ಗ್ಯಾಸ್ ಸೋರಿಕೆಯ ಅನುಮಾನ ಪಡಬಹುದು. ಹಿಂದೆ ಯಾವಾಗಲಾದರೂ ಚಾಕುವಿನಲ್ಲಿ ಐಸ್ ಕೆತ್ತಿದ್ದರೆ ಅನುಮಾನ ಇನ್ನೂ ಜಾಸ್ತಿ.

ಮೇಲಿನ ಶೆಲ್ಫ್‌ನಲ್ಲಿ ಸೊಪ್ಪು ಹೆಪ್ಪುಗಟ್ಟುತ್ತದೆ, ಕೆಳಗಿನ ಟ್ರೇನಲ್ಲಿ ಬಾಡುತ್ತದೆ.

ಗಾಳಿ ಬರುತ್ತಿದೆ, ಹರಡುತ್ತಿಲ್ಲ. ಸಾಮಾನು ಕಡಿಮೆ ಮಾಡಿ, ನಡುವೆ ಜಾಗ ಬಿಡಿ. ಅಷ್ಟಕ್ಕೂ ಸರಿಹೋಗದಿದ್ದರೆ ಡ್ಯಾಂಪರ್ (ಗಾಳಿ ದಾರಿಯ ಕದ) ತೆರೆದೇ ನಿಂತಿರಬಹುದು ಅಥವಾ ಸೆನ್ಸರ್ ತಪ್ಪು ಹೇಳುತ್ತಿರಬಹುದು.

ಸೈಡ್ ಬೈ ಸೈಡ್ ಫ್ರಿಡ್ಜ್‌ಗೂ ಇದೇ ಲೆಕ್ಕವಾ?

ಹೆಚ್ಚುಕಮ್ಮಿ ಇದೇ. ಅವುಗಳಲ್ಲಿ ಗಾಳಿಯ ಕದವನ್ನು ತೆಗೆದು ಮುಚ್ಚಲು ಚಿಕ್ಕ ಮೋಟಾರ್ ಇರುತ್ತದೆ, ಅದು ಮುಚ್ಚಿದ ಜಾಗದಲ್ಲೇ ಐಸ್ ಹಿಡಿದು ನಿಲ್ಲುವುದುಂಟು. ಕೆಲವು ದುಬಾರಿ ಮಾಡೆಲ್‌ಗಳಲ್ಲಿ ಎರಡು ಭಾಗಕ್ಕೂ ಬೇರೆ ಬೇರೆ ಕಾಯಿಲ್, ಬೇರೆ ಫ್ಯಾನ್. ಅಲ್ಲಿ ಫ್ರೀಜರ್ ಅಲ್ಲದ ಭಾಗದ ಹಿಂಗೋಡೆಯಲ್ಲೇ ಐಸ್ ಹುಡುಕಬೇಕು.

ಮಳೆಗಾಲದಲ್ಲೇ ಯಾಕೆ ಈ ಕಾಟ ಜಾಸ್ತಿ?

ಕರಾವಳಿ, ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ತೇವ ತುಂಬಿರುತ್ತದೆ. ಪ್ರತಿ ಸಲ ಬಾಗಿಲು ತೆಗೆದಾಗ ಅದು ಒಳಗೆ ಹೋಗಿ ಕಾಯಿಲ್ ಮೇಲೆ ಕೂರುತ್ತದೆ. ಅರ್ಧಂಬರ್ಧ ಕೆಲಸ ಮಾಡುವ ಹೀಟರ್, ಸ್ವಲ್ಪ ಸಡಿಲ ರಬ್ಬರ್ ಬೇಸಿಗೆಯಲ್ಲಿ ಹೇಗೋ ನಡೆದಿರುತ್ತವೆ, ಜುಲೈನಲ್ಲಿ ಸಿಕ್ಕಿಬೀಳುತ್ತವೆ. ಕಲಬುರಗಿ, ರಾಯಚೂರಿನ ಕಡೆ ತೊಂದರೆ ಏಪ್ರಿಲ್-ಮೇನಲ್ಲಿ, ಮತ್ತು ಬೇರೆ ಥರ. ಅಡುಗೆಮನೆಯೇ 40 ಡಿಗ್ರಿ ಇದ್ದಾಗ ಫ್ರಿಡ್ಜ್‌ನ ಬಿಸಿ ಹೊರಗೆ ಹೋಗಲು ಕಷ್ಟ. ಹೊಸ ಫ್ರಿಡ್ಜ್‌ಗಳಲ್ಲಿ ಬಿಸಿ ಬಿಡುವ ಕೊಳವೆಗಳು ಪಕ್ಕದ ತಗಡಿನ ಒಳಗಿರುತ್ತವೆ. ಪಕ್ಕ ಮುಟ್ಟಿದರೆ ಬಿಸಿ ಇರುವುದು ಅದಕ್ಕೇ, ದೋಷವಲ್ಲ. ಫ್ಲ್ಯಾಟ್‌ಗಳಲ್ಲಿ ಫ್ರಿಡ್ಜ್ ಅನ್ನು ಗೂಡಿನೊಳಗೆ ಬಿಗಿಯಾಗಿ ತಳ್ಳಿಬಿಡುತ್ತಾರೆ. ಎರಡೂ ಪಕ್ಕ, ಹಿಂದೆ ಒಂದು ಅಂಗೈ ಅಗಲ ಜಾಗ ಬಿಡಿ.

ವೋಲ್ಟೇಜ್ ಕಡಿಮೆ ಇದ್ದರೆ ಹೀಗಾಗುತ್ತದಾ?

ವೋಲ್ಟೇಜ್ ಬಿದ್ದರೆ ಕಂಪ್ರೆಸರ್ ಶುರುವಾಗಲು ಒದ್ದಾಡುತ್ತದೆ, ಆಗ ಮೇಲೂ ಕೆಳಗೂ ಎರಡೂ ಬೆಚ್ಚಗಾಗುತ್ತವೆ. ಕೆಳಗೆ ಮಾತ್ರ ಬೆಚ್ಚಗಿದ್ದರೆ ಸ್ಟೆಬಿಲೈಸರ್ ಕೊಳ್ಳುವುದರಿಂದ ಪರಿಹಾರ ಸಿಗುವುದಿಲ್ಲ.

ಒಳಗಿದ್ದ ಆಹಾರವನ್ನೆಲ್ಲ ಚೆಲ್ಲಬೇಕಾ?

5 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಇದ್ದ ಮೀನು, ಕೋಳಿ, ಮೊಟ್ಟೆ ಪಲ್ಯ, ಬೇಯಿಸಿದ ಬೇಳೆ, ಕಾಯಿ ರುಬ್ಬಿದ ಸಾಂಬಾರು ಚೆಲ್ಲಿ. ಅನ್ನದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅದರಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೆ ಸರಿಹೋಗುತ್ತೆ ಅನ್ನುವ ಮಾತು ಇಲ್ಲಿ ನಡೆಯಲ್ಲ. ಹುಳಿ ಬಂದ ದೋಸೆ ಹಿಟ್ಟಿಗೆ ಅಷ್ಟು ಹೆದರಬೇಕಿಲ್ಲ, ಬಣ್ಣ ಬದಲಾಗಿದ್ದರೆ ಅಥವಾ ಬೂಸ್ಟು ಕಂಡರೆ ಮಾತ್ರ ಚೆಲ್ಲಿ. ಉಪ್ಪಿನಕಾಯಿ, ತುಪ್ಪ, ನಿಂಬೆಹಣ್ಣು, ಹೆಚ್ಚದ ತರಕಾರಿಗೆ ಏನೂ ಆಗುವುದಿಲ್ಲ.

ಮನೆಯಲ್ಲಿ ಇನ್ಸುಲಿನ್ ಇದ್ದರೆ ಮೊದಲು ಅದನ್ನು ನೋಡಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಕೆಳಗೆ ಬೆಚ್ಚಗಿದೆ ಅಂತ ಗಾಬರಿಯಲ್ಲಿ ಫ್ರೀಜರ್‌ಗೆ ಹಾಕಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿಸಿದರೂ ಬಳಸುವಂತಿಲ್ಲ. ಪಕ್ಕದ ಮನೆಯವರ ಫ್ರಿಡ್ಜ್‌ನಲ್ಲಿಡಿ.

ಕಂಪ್ರೆಸರ್‌ಗೆ 10 ವರ್ಷ ವಾರಂಟಿ ಇದೆಯಲ್ಲ, ಉಚಿತವಾಗಿ ಮಾಡಿಕೊಡಲ್ವಾ?

ಆ ವಾರಂಟಿ ಸಾಮಾನ್ಯವಾಗಿ ಕಂಪ್ರೆಸರ್‌ಗೆ ಮಾತ್ರ. ಹೀಟರ್, ಫ್ಯಾನ್, ಟೈಮರ್, ಪಿಸಿಬಿ ಅದರಲ್ಲಿ ಸೇರಿರುವುದಿಲ್ಲ. ಕಾರ್ಡ್‌ನಲ್ಲಿ ಗ್ಯಾಸ್ ಮತ್ತು ಕೂಲಿಯ ಬಗ್ಗೆ ಏನು ಬರೆದಿದೆ ಓದಿ. ಮೊದಲ ವರ್ಷದೊಳಗಿದ್ದರೆ ಸುಮ್ನೆ ಕಂಪನಿಗೆ ಫೋನ್ ಮಾಡಿ, ನೀವು ಏನನ್ನೂ ಬಿಚ್ಚಬೇಡಿ.

ರಿಪೇರಿ ಮಾಡಿಸಬೇಕಾ, ಹೊಸದು ತರಬೇಕಾ?

ಫ್ಯಾನ್, ಹೀಟರ್, ಟೈಮರ್, ಸ್ವಿಚ್, ರಬ್ಬರ್ ಆದರೆ ಫ್ರಿಡ್ಜ್‌ಗೆ ಹನ್ನೆರಡು ವರ್ಷ ಆಗಿದ್ದರೂ ರಿಪೇರಿಯೇ ಲಾಭ. ಕಾಯಿಲ್ ಸೋರುತ್ತಿದ್ದರೆ ಅಥವಾ ಗೋಡೆಯೊಳಗಿನ ಕೊಳವೆ ಸೋರುತ್ತಿದ್ದರೆ ಹಳೇ ಫ್ರಿಡ್ಜ್‌ಗೆ ದುಡ್ಡು ಹಾಕಬೇಡಿ ಅಂತಲೇ ನನ್ನ ಅಭಿಪ್ರಾಯ.

ರಿಪೇರಿ ಆಯಿತು. ಎಷ್ಟು ಹೊತ್ತಿಗೆ ತಣ್ಣಗಾಗಬೇಕು?

ಫ್ರೀಜರ್ ಎರಡು ಮೂರು ಗಂಟೆಯಲ್ಲೇ ಚಳಿ ಹಿಡಿಯುತ್ತದೆ. ಕೆಳಗಿನ ಭಾಗ ಸರಿಯಾದ ಮಟ್ಟಕ್ಕೆ ಬರಲು 12ರಿಂದ 24 ಗಂಟೆ ಬೇಕು. ಅಷ್ಟರಲ್ಲಿ ಬಿಸಿ ಸಾರು ತಂದಿಡಬೇಡಿ, ನಾಬ್ ಮುಟ್ಟಬೇಡಿ, ಐದೈದು ನಿಮಿಷಕ್ಕೆ ಬಾಗಿಲು ತೆಗೆದು ಕೈಯಿಟ್ಟು ನೋಡಬೇಡಿ. ಮಾರನೇ ದಿನ ಲೋಟದ ನೀರು ಅಳೆಯಿರಿ. ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಅಳೆಯಿರಿ, ಯಾಕೆಂದರೆ ಐಸ್ ಮತ್ತೆ ತುಂಬಲು ಸಾಮಾನ್ಯವಾಗಿ ಅಷ್ಟು ದಿನ ಹಿಡಿಯುತ್ತದೆ. ಬಿಲ್ ಎಸೆಯುವುದನ್ನು ಅಲ್ಲಿಯ ತನಕ ಮುಂದೂಡಿ.